ಊರಿನ ಕೊಳಚೆ ಹೊಳೆಗೆ ಸೇರದಂತೆ ತಡೆಯುವುದು ಹೇಗೆ? ಸಣ್ಣ ಪಟ್ಟಣದವರಿಗೆ ಒಂದು ಕೈಪಿಡಿ

‘ನಮ್ಮೂರಿನ ಚರಂಡಿ ನೇರವಾಗಿ ಹೊಳೆಗೆ ಸೇರುತ್ತಿದೆ, ಯಾರಿಗೆ ಹೇಳಬೇಕು?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರ ಊರು ಬೇರೆ, ಹೊಳೆ ಬೇರೆ. ಪ್ರಶ್ನೆ ಮಾತ್ರ ಅದೇ. ಯಾರಿಗೆ ಹೇಳಬೇಕು ಎಂಬುದು ಈ ಲೇಖನದ ಕೊನೆಯ ಹೆಜ್ಜೆ. ಏನು ಹೇಳಬೇಕು ಎಂಬುದು ಗೊತ್ತಿಲ್ಲದೆ ಕೊಟ್ಟ ದೂರು ಮೇಜಿನಿಂದ ಮೇಜಿಗೆ ತಿರುಗಿ ಕಡತದಲ್ಲಿ ಮಲಗುತ್ತದೆ. ಆದ್ದರಿಂದ ಮೊದಲು ನೀರಿನ ಜಾಡು ಹಿಡಿಯೋಣ.

ಹೊಳೆ ಕೆಡಿಸುವುದು ಬೆಂಗಳೂರಿನಂಥ ಮಹಾನಗರಗಳ ಕೆಲಸ, ನಮ್ಮ ಪುರಸಭೆಯದ್ದು ಲೆಕ್ಕಕ್ಕಿಲ್ಲ ಎಂದುಕೊಂಡಿದ್ದರೆ ಆ ಭಾವನೆಯನ್ನು ಬಿಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ದೇಶದ 351 ಕಲುಷಿತ ನದಿ ಭಾಗಗಳಲ್ಲಿ 17 ಕರ್ನಾಟಕದವು. ಅದರಲ್ಲಿ ಅರ್ಕಾವತಿಯ ಜೊತೆಗೆ ಲಕ್ಷ್ಮಣತೀರ್ಥವೂ ಇದೆ. ಲಕ್ಷ್ಮಣತೀರ್ಥದ ದಡದಲ್ಲಿ ಮಹಾನಗರ ಯಾವುದೂ ಇಲ್ಲ. ಇರುವ ದೊಡ್ಡ ಊರೆಂದರೆ ಹುಣಸೂರು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಕ್ಯಾಮೆರಾ ಇರುವ ಮೊಬೈಲ್, ಗಟ್ಟಿ ಬೂಟು, ಹತ್ತು ರೂಪಾಯಿಯ ಕೆಲವು ಪೋಸ್ಟಲ್ ಆರ್ಡರ್‌ಗಳು, ಜೊತೆಗೆ ಬೇರೆ ಬೇರೆ ವಾರ್ಡಿನ ನಾಲ್ಕೈದು ಜನ. ಒಬ್ಬರೇ ಹೊರಟರೆ ‘ತಕರಾರಿನ ಮನುಷ್ಯ’ ಎಂಬ ಹೆಸರು ಬರುತ್ತದೆ. ಐದು ಜನ ಹೋದರೆ ಕಚೇರಿಯಲ್ಲಿ ಕುರ್ಚಿ ಹಾಕುತ್ತಾರೆ.

1. ನಿಮ್ಮ ಮನೆಯಿಂದಲೇ ಶುರು ಮಾಡಿ

ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಬಹುತೇಕರು ‘ಸೆಪ್ಟಿಕ್ ಟ್ಯಾಂಕ್ ಇದೆ’ ಎನ್ನುತ್ತಾರೆ. ಮುಚ್ಚಳ ತೆಗೆಸಿ ನೋಡಿದರೆ ಅಲ್ಲಿರುವುದು ಸಾಮಾನ್ಯವಾಗಿ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದ, ತಳವಿಲ್ಲದ ಗುಂಡಿ. ಎರಡೂ ಒಂದೇ ಅಲ್ಲ. ಸೆಪ್ಟಿಕ್ ಟ್ಯಾಂಕ್ ಎಂದರೆ ತಳ ಮತ್ತು ಗೋಡೆಗಳಿಂದ ನೀರು ಸೋರದ ತೊಟ್ಟಿ. ಅದರಲ್ಲಿ ಗಟ್ಟಿ ಪದಾರ್ಥ ಕೆಳಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ‘ಟಿ’ ಆಕಾರದ ಪೈಪಿನ ಮೂಲಕ ಹೊರಗೆ ಬಂದು ಇಂಗುಗುಂಡಿಗೆ ಸೇರುತ್ತದೆ. ಎರಡು ಸಾವಿರ ಲೀಟರಿಗಿಂತ ದೊಡ್ಡ ಟ್ಯಾಂಕಿಗೆ ಒಳಗೆ ಅಡ್ಡಗೋಡೆಯೂ ಇರಬೇಕು.

ನಿಮ್ಮ ಮನೆ ಈ ನಾಲ್ಕರಲ್ಲಿ ಯಾವುದು ಎಂದು ಬರೆದುಕೊಳ್ಳಿ: ತಳವಿಲ್ಲದ ಗುಂಡಿ, ಟ್ಯಾಂಕ್ ಮತ್ತು ಇಂಗುಗುಂಡಿ, ಟ್ಯಾಂಕ್ ಇದ್ದರೂ ಅದರ ನೀರು ಬೀದಿ ಚರಂಡಿಗೆ, ಒಳಚರಂಡಿ ಸಂಪರ್ಕ. ಸಣ್ಣ ಪಟ್ಟಣಗಳಲ್ಲಿ ಮೂರನೆಯದು ಬಹಳ ಸಾಮಾನ್ಯ. ಮನೆ ಕಟ್ಟುವಾಗ ಇಂಗುಗುಂಡಿಗೆ ಜಾಗ ಸಾಲದೆ ಮೇಸ್ತ್ರಿ ಒಂದು ಪೈಪನ್ನು ಸದ್ದಿಲ್ಲದೆ ಚರಂಡಿಗೆ ಬಿಟ್ಟಿರುತ್ತಾನೆ. ಮನೆಯವರಿಗೇ ಗೊತ್ತಿರುವುದಿಲ್ಲ.

ಪರೀಕ್ಷೆ ಸುಲಭ. ಗಾಢ ಬಣ್ಣ ಕರಗಿಸಿದ ಎರಡು ಬಕೆಟ್ ನೀರನ್ನು ಶೌಚಾಲಯಕ್ಕೆ ಸುರಿಯಿರಿ, ಒಬ್ಬರು ಚರಂಡಿಯ ಬಳಿ ನಿಂತಿರಲಿ. ಕೆಲವೇ ನಿಮಿಷಗಳಲ್ಲಿ ಬಣ್ಣ ಕಂಡರೆ ಸಂಪರ್ಕ ನೇರವಾಗಿದೆ. ಕಾಣದಿದ್ದರೆ ನಿಶ್ಚಿಂತರಾಗಬೇಡಿ; ನಡುವೆ ಟ್ಯಾಂಕ್ ಇದ್ದರೆ ಬಣ್ಣ ತೆಳುವಾಗಿ ಕಣ್ಣಿಗೆ ಬೀಳದೆ ಹೋಗುತ್ತದೆ. ಆಗ ಟ್ಯಾಂಕಿನ ಹೊರಪೈಪನ್ನೇ ಹುಡುಕಬೇಕು.

ಎಚ್ಚರಿಕೆ: ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕು. ಮೂವತ್ತು–ನಲವತ್ತು ಅಡಿಯ ನಿವೇಶನಗಳ ಬಡಾವಣೆಯಲ್ಲಿ ಇದು ಅಸಾಧ್ಯದ ಮಾತು. ಅಂಥ ಕಡೆ ಬಾವಿಯ ನೀರನ್ನು ಕುಡಿಯದಿರುವುದೇ ಸರಿ.

2. ಟ್ಯಾಂಕನ್ನು ಎರಡು–ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ

‘ಹದಿನೈದು ವರ್ಷವಾಯಿತು, ನಮ್ಮ ಟ್ಯಾಂಕ್ ಒಮ್ಮೆಯೂ ತುಂಬಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ತುಂಬಿಲ್ಲವೆಂದರೆ ಸೋರುತ್ತಿದೆ ಎಂದೇ ಅರ್ಥ. ಒಂದೋ ತಳದಿಂದ ಅಂತರ್ಜಲಕ್ಕೆ, ಇಲ್ಲವೇ ಪೈಪಿನಿಂದ ಚರಂಡಿಗೆ. ಕೆಸರು ತಳದಿಂದ ಮೇಲೇರಿದಷ್ಟೂ ನೀರು ತಂಗುವ ಜಾಗ ಕಡಿಮೆಯಾಗಿ, ಬಂದ ಮಲ ಬಂದಂತೆಯೇ ಆಚೆ ಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಟ್ಯಾಂಕ್ ಇದೆ, ಕೆಲಸ ಮಾತ್ರ ನಿಂತಿದೆ.

ಖಾಲಿ ಮಾಡಿಸಲು ಪುರಸಭೆಯ ಸಕ್ಕಿಂಗ್ ಯಂತ್ರಕ್ಕೆ ಅರ್ಜಿ ಕೊಡಿ, ಅಥವಾ ಪರವಾನಗಿ ಇರುವ ಖಾಸಗಿ ಲಾರಿಯನ್ನು ಕರೆಸಿ. ಯಂತ್ರದ ಮೂಲಕ ಸ್ವಚ್ಛಗೊಳಿಸಲೆಂದೇ 14420 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಕೊನೆಯ ಹನಿಯವರೆಗೆ ಬಳಿಸಬೇಡಿ. ತಳದಲ್ಲಿ ಒಂದಿಷ್ಟು ಕೆಸರು ಉಳಿದರೆ ಅದರಲ್ಲಿರುವ ಸೂಕ್ಷ್ಮಾಣುಗಳು ಮುಂದಿನ ಕೆಲಸವನ್ನು ಬೇಗ ಶುರು ಮಾಡುತ್ತವೆ. ಇದೇ ಕಾರಣಕ್ಕೆ ಆ್ಯಸಿಡ್ ಮತ್ತು ಫಿನಾಯಿಲನ್ನು ಧಾರಾಳವಾಗಿ ಸುರಿಯುವುದು ತಪ್ಪು. ಟ್ಯಾಂಕನ್ನು ನಡೆಸುವ ಜೀವಿಗಳನ್ನೇ ಅದು ಕೊಲ್ಲುತ್ತದೆ. ಅಂಗಡಿಯಲ್ಲಿ ಸಿಗುವ ‘ಬ್ಯಾಕ್ಟೀರಿಯಾ ಪುಡಿ’ಗೆ ದುಡ್ಡು ಸುರಿಯುವ ಅಗತ್ಯವೂ ಇಲ್ಲ, ಬೇಕಾದ ಬ್ಯಾಕ್ಟೀರಿಯಾವನ್ನು ಮನೆಯವರೇ ದಿನವೂ ಕಳಿಸುತ್ತಿರುತ್ತಾರೆ.

ಮುಚ್ಚಳದ ಮೇಲೆ ಗ್ರಾನೈಟ್ ಹಾಸಿ ವರಾಂಡ ಮಾಡಿಕೊಂಡವರು ಈ ಹಂತದಲ್ಲಿ ಪೇಚಿಗೆ ಸಿಲುಕುತ್ತಾರೆ. ಹೊಸ ಮನೆ ಕಟ್ಟುತ್ತಿದ್ದರೆ ಟ್ಯಾಂಕಿನ ಎರಡು ಕೋಣೆಗಳಿಗೂ ತೆಗೆಯಬಹುದಾದ ಮುಚ್ಚಳ ಇಡಿಸಿ. ಲಾರಿಯ ಕೊಳವೆ ತಲುಪುವಂತೆ ಟ್ಯಾಂಕ್ ಮನೆಯ ಮುಂಭಾಗದಲ್ಲಿರಲಿ.

ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುವುದಿದ್ದರೆ ಅದು ಇದು: ಯಾವ ಕಾರಣಕ್ಕೂ ಮನುಷ್ಯರನ್ನು ಟ್ಯಾಂಕಿಗಾಗಲಿ ಆಳುಗುಂಡಿಗಾಗಲಿ (ಮ್ಯಾನ್‌ಹೋಲ್) ಇಳಿಸಬೇಡಿ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಅನಿಲ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. ‘ವಾಸನೆ ಬರುತ್ತಿಲ್ಲ’ ಎಂಬುದು ಸುರಕ್ಷತೆಯ ಗುರುತಲ್ಲ, ಅನಿಲ ಹೆಚ್ಚಿದ್ದಾಗ ಮೂಗು ಮೊದಲು ಸೋಲುತ್ತದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಇಂಥ ಅಪಾಯಕಾರಿ ಕೆಲಸಕ್ಕೆ ಜನರನ್ನು ಹಚ್ಚುವುದು ಅಪರಾಧ. ಮೊದಲ ಬಾರಿಗೆ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಕೂಲಿ ಒಪ್ಪಿಕೊಂಡೇ ಬಂದಿದ್ದ ಎಂಬ ಸಮಜಾಯಿಷಿಯಿಂದ ಮನೆ ಮಾಲೀಕರು ಪಾರಾಗುವುದಿಲ್ಲ.

3. ಲಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ

ಟ್ಯಾಂಕ್ ಖಾಲಿಯಾಯಿತು, ಹಣ ಕೊಟ್ಟಿರಿ. ಲಾರಿಯಲ್ಲಿರುವ ಕೆಸರು? ಊರ ಹೊರಗಿನ ಹಳ್ಳ, ಪಾಳುಬಿದ್ದ ಕಲ್ಲುಕ್ವಾರಿ ಅಥವಾ ಕತ್ತಲಲ್ಲಿ ತೆರೆದ ಯಾವುದೋ ಆಳುಗುಂಡಿ ಎಂಬುದು ಅನೇಕ ಊರುಗಳ ಉತ್ತರ. ಹಾಗಾದರೆ ನೀವು ಖಾಲಿ ಮಾಡಿಸಿದ್ದರಿಂದ ಹೊಳೆಗೆ ಏನೂ ಲಾಭವಾಗಲಿಲ್ಲ. ನಿಧಾನವಾಗಿ ಸೇರಬೇಕಿದ್ದುದು ಒಂದೇ ರಾತ್ರಿಗೆ ಸೇರಿತು ಅಷ್ಟೆ.

ಒಳಚರಂಡಿ ಇಲ್ಲದ ಊರಿನಲ್ಲೂ ಇದಕ್ಕೆ ದಾರಿ ಇದೆ ಎಂಬುದನ್ನು ದೇವನಹಳ್ಳಿ ತೋರಿಸಿದೆ. 2011ರ ಜನಗಣತಿಯಲ್ಲಿ ಸುಮಾರು 28 ಸಾವಿರ ಜನರಿದ್ದ, ಒಳಚರಂಡಿ ಜಾಲವಿಲ್ಲದ ಆ ಪಟ್ಟಣದಲ್ಲಿ 2015ರಲ್ಲಿ ಮಲಕೆಸರು ಸಂಸ್ಕರಣಾ ಘಟಕ ಶುರುವಾಯಿತು. ಪಟ್ಟಣ ಮಟ್ಟದಲ್ಲಿ ದೇಶಕ್ಕೆ ಅದೇ ಮೊದಲನೆಯದು. ದಿನಕ್ಕೆ ಆರು ಸಾವಿರ ಲೀಟರ್, ಅಂದರೆ ಒಂದೆರಡು ಲಾರಿಯಷ್ಟು ಕೆಸರಿಗಾಗಿ ಕಟ್ಟಿದ ಘಟಕ. ಲಾರಿ ತಂದು ಸುರಿದ ಕೆಸರು ಇಳಿಜಾರಿನಲ್ಲಿ ತಾನಾಗಿ ಹರಿದು ಮುಚ್ಚಿದ ತೊಟ್ಟಿಗಳಲ್ಲಿ ಹದಗೊಳ್ಳುತ್ತದೆ, ಆಮೇಲೆ ಒಣಹಾಸಿನ ಮೇಲೆ ಒಣಗುತ್ತದೆ. ಬಸಿದ ನೀರು ಜಲ್ಲಿ ಮತ್ತು ಗಿಡಗಳ ಹಾಸಿನ ಮೂಲಕ ಸೋಸಿ ಬರುತ್ತದೆ. ಒಣಗಿದ್ದನ್ನು ಊರಿನ ಹಸಿ ಕಸದೊಂದಿಗೆ ಸೇರಿಸಿ ಗೊಬ್ಬರ ಮಾಡುತ್ತಾರೆ. ದೊಡ್ಡ ಯಂತ್ರಗಳಿಲ್ಲ. ಪುರಸಭೆಯ ಮೇಲೆ ಭಾರೀ ವಿದ್ಯುತ್ ಬಿಲ್ಲಿನ ಹೊರೆಯಿಲ್ಲ.

ನಿಮ್ಮ ಊರಿನಲ್ಲಿ ಇಂಥ ಘಟಕ ಇದೆಯೇ, ಇಲ್ಲದಿದ್ದರೆ ಅಕ್ಕಪಕ್ಕದ ತಾಲ್ಲೂಕು ಕೇಂದ್ರದಲ್ಲಿದೆಯೇ ಎಂದು ಪುರಸಭೆಯ ಪರಿಸರ ಅಭಿಯಂತರರನ್ನು ಕೇಳಿ. 2021ರ ಅಕ್ಟೋಬರಿನಲ್ಲಿ ಶುರುವಾದ ಸ್ವಚ್ಛ ಭಾರತ ಅಭಿಯಾನದ ಎರಡನೆಯ ಹಂತದಲ್ಲಿ, ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳ ಬಳಸಿದ ನೀರಿನ ನಿರ್ವಹಣೆಗೆಂದೇ ಅನುದಾನ ಇಡಲಾಗಿತ್ತು. ನಿಮ್ಮ ಪಟ್ಟಣ ಅದರಲ್ಲಿ ಎಷ್ಟು ಕೇಳಿತ್ತು, ಎಷ್ಟು ಬಂದಿತು, ಏನಾಯಿತು ಎಂಬುದು ಕೇಳಬೇಕಾದ ಪ್ರಶ್ನೆಯೇ.

ಎಚ್ಚರಿಕೆ: ‘ಎಸ್‌ಟಿಪಿ ಇದೆಯಲ್ಲ, ಅಲ್ಲೇ ಸುರಿಯುತ್ತೇವೆ’ ಎಂಬ ಉತ್ತರಕ್ಕೆ ತಕ್ಷಣ ತಲೆಯಾಡಿಸಬೇಡಿ. ಎಸ್‌ಟಿಪಿ ಎಂದರೆ ಕೊಳಚೆ ನೀರು ಶುದ್ಧೀಕರಣ ಘಟಕ. ಟ್ಯಾಂಕಿನ ಕೆಸರು ಒಳಚರಂಡಿಯ ನೀರಿಗಿಂತ ಹಲವು ಪಟ್ಟು ದಟ್ಟ. ಅಳತೆಯಿಲ್ಲದೆ ಸುರಿದರೆ ಸಣ್ಣ ಘಟಕದ ಸೂಕ್ಷ್ಮಾಣುಗಳು ತತ್ತರಿಸಿ ಹಲವು ದಿನ ಘಟಕವೇ ಕೆಲಸ ಮಾಡುವುದಿಲ್ಲ.

4. ಊರಿನ ಕೊಳಚೆಯ ಲೆಕ್ಕ ಹಾಕಿ

ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ವಾಪಸ್. ಎಂಜಿನಿಯರುಗಳು ಹಾಕುವ ಲೆಕ್ಕ ಇದೇ. ನಿಮ್ಮ ಊರಿನಲ್ಲಿ 25 ಸಾವಿರ ಜನರಿದ್ದರೆ ದಿನಕ್ಕೆ 27 ಲಕ್ಷ ಲೀಟರ್ ಕೊಳಚೆ. ಕಡತಗಳಲ್ಲಿ ಇದನ್ನೇ 2.7 ಎಂಎಲ್‌ಡಿ ಎಂದು ಬರೆಯುತ್ತಾರೆ. ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್.

ಈಗ ಪುರಸಭೆಯಿಂದ ಮೂರು ಅಂಕಿ ಪಡೆಯಿರಿ: ಕೊಳಚೆ ನೀರು ಶುದ್ಧೀಕರಣ ಘಟಕದ ಸಾಮರ್ಥ್ಯ, ಘಟಕಕ್ಕೆ ದಿನವೂ ನಿಜವಾಗಿ ಬರುವ ನೀರು, ಊರಿನ ಒಟ್ಟು ಮನೆಗಳಲ್ಲಿ ಒಳಚರಂಡಿ ಸಂಪರ್ಕ ಪಡೆದವು. ಉದ್ಘಾಟನೆಯ ಕಲ್ಲಿನ ಮೇಲಿರುವುದು ಮೊದಲನೆಯ ಅಂಕಿ ಮಾತ್ರ. ಹೊಳೆಯ ಹಣೆಬರಹ ಬರೆಯುವುದು ಉಳಿದೆರಡು. ಬೀದಿಯಲ್ಲಿ ಪೈಪು ಹೂತಿರುತ್ತದೆ, ಆದರೆ ಠೇವಣಿ, ರಸ್ತೆ ಅಗೆತದ ಶುಲ್ಕ, ಹಿತ್ತಿಲಲ್ಲಿರುವ ಶೌಚಾಲಯದಿಂದ ಮುಂಬಾಗಿಲವರೆಗೆ ನೆಲ ಒಡೆಯಬೇಕಾದ ಖರ್ಚು ಇವೆಲ್ಲ ಸೇರಿ ಮನೆಯವರು ಸಂಪರ್ಕವನ್ನೇ ಪಡೆದಿರುವುದಿಲ್ಲ. ಅಂಥ ಊರಿನಲ್ಲಿ ಘಟಕ ಅರೆಹೊಟ್ಟೆಯಲ್ಲಿ ನಡೆಯುತ್ತದೆ, ಕೊಳಚೆ ಹಳೆಯ ಚರಂಡಿಯಲ್ಲೇ ಹರಿಯುತ್ತದೆ. ಹೊಸ ಘಟಕಕ್ಕಾಗಿ ಚಳವಳಿ ಹೂಡುವ ಮೊದಲು ಈ ಅಂಕಿಗಳನ್ನು ನೋಡಿ. ನಿಮ್ಮ ಬೇಡಿಕೆ ಹೊಸ ಘಟಕವಲ್ಲ, ಕಂತಿನಲ್ಲಿ ಕಟ್ಟಬಹುದಾದ ಮನೆ ಸಂಪರ್ಕ ಆಗಿರಬಹುದು.

ಸಂಪರ್ಕ ಸಿಕ್ಕ ಮೇಲೆ ಹಳೆಯ ಟ್ಯಾಂಕನ್ನು ಖಾಲಿ ಮಾಡಿಸಿ ಮಣ್ಣು ತುಂಬಿಸಿ. ತಾರಸಿಯ ಮಳೆನೀರಿನ ಪೈಪನ್ನು ಮಾತ್ರ ಒಳಚರಂಡಿಗೆ ಸೇರಿಸಬೇಡಿ. ಮಳೆಗಾಲದಲ್ಲಿ ಆಳುಗುಂಡಿಗಳು ಉಕ್ಕಿ ಬೀದಿಗೆ ಹರಿಯಲು ಮುಖ್ಯ ಕಾರಣಗಳಲ್ಲಿ ಅದೂ ಒಂದು.

5. ಚರಂಡಿಯ ಗುಂಟ ಹೊಳೆಯವರೆಗೆ ನಡೆಯಿರಿ

ಫೆಬ್ರುವರಿ–ಮಾರ್ಚ್ ಒಳ್ಳೆಯ ಕಾಲ. ತಿಂಗಳುಗಟ್ಟಲೆ ಮಳೆ ಬಿದ್ದಿರುವುದಿಲ್ಲ, ಆಗಲೂ ಮಳೆನೀರು ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ ಅದು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ಬೆಳಗಿನ ಆರರಿಂದ ಒಂಬತ್ತರೊಳಗೆ ಹೊರಡಿ. ಊರೆಲ್ಲ ಸ್ನಾನ, ಪಾತ್ರೆ, ಬಟ್ಟೆ ಮುಗಿಸುವ ಆ ಹೊತ್ತಿನಲ್ಲಿ ಹರಿವು ಹೆಚ್ಚು. ಹೊಳೆಗೆ ಸೇರುವ ಪ್ರತಿಯೊಂದು ಬಾಯಿಯ ಫೋಟೊ ತೆಗೆಯಿರಿ, ದಿನಾಂಕ ಮತ್ತು ಸ್ಥಳದ ಗುರುತು ಫೋಟೊದಲ್ಲೇ ಮೂಡಿರಲಿ.

ಪಂಪ್‌ಹೌಸ್ ಬಳಿ ಹೆಚ್ಚು ಹೊತ್ತು ನಿಲ್ಲಿ. ತಗ್ಗಿನ ಬಡಾವಣೆಗಳ ಕೊಳಚೆ ಅಲ್ಲಿಯ ಬಾವಿಗೆ ಬಂದು, ಅಲ್ಲಿಂದ ಪಂಪ್ ಮೂಲಕ ಘಟಕಕ್ಕೆ ಏರುತ್ತದೆ. ಪಂಪ್ ಕೆಟ್ಟರೆ ಅಥವಾ ಕರೆಂಟ್ ಹೋದರೆ ಬಾವಿ ತುಂಬಿ, ಪಕ್ಕದ ತೂಬಿನಿಂದ ಹಳ್ಳಕ್ಕೆ ಬೀಳುತ್ತದೆ. ಜನರೇಟರ್ ಇದೆಯೇ, ಅದಕ್ಕೆ ಡೀಸೆಲ್ ಇದೆಯೇ, ಎರಡನೆಯ ಪಂಪ್ ರಿಪೇರಿಗೆ ಹೋಗಿ ಎಷ್ಟು ದಿನವಾಯಿತು ಎಂದು ಅಲ್ಲಿಯ ಸಿಬ್ಬಂದಿಯನ್ನು ಸಮಾಧಾನದಿಂದ ವಿಚಾರಿಸಿ. ಅವರು ಕಡಿಮೆ ಸಂಬಳದ ಗುತ್ತಿಗೆ ನೌಕರರು, ನಿಮ್ಮ ಜಗಳ ಅವರೊಂದಿಗಲ್ಲ. ಆಳುಗುಂಡಿಯ ಮುಚ್ಚಳವನ್ನು ನೀವೇ ಎತ್ತಬೇಡಿ, ಬಗ್ಗಿ ನೋಡಲೂಬೇಡಿ.

ದಾರಿಯಲ್ಲಿ ಹೋಟೆಲು, ಕೋಳಿ ಅಂಗಡಿ, ಕಲ್ಯಾಣ ಮಂಟಪ, ವಾಹನ ತೊಳೆಯುವ ಜಾಗಗಳನ್ನೂ ಗುರುತು ಹಾಕಿಕೊಳ್ಳಿ. ಹೋಟೆಲು ಮತ್ತು ಮಂಟಪದವರಿಗೆ ಜಿಡ್ಡು ತಡೆಯುವ ತೊಟ್ಟಿ ಕಟ್ಟಿಸಲು ಹೇಳುವುದು ಪುರಸಭೆಗೆ ಸಾಧ್ಯವಿರುವ ಕೆಲಸ. ಮನೆಯಲ್ಲಿ ಕರಿದ ಎಣ್ಣೆ, ಸ್ಯಾನಿಟರಿ ಪ್ಯಾಡ್, ಹಳೆಯ ಮಾತ್ರೆಗಳನ್ನು ಬಚ್ಚಲಿಗೋ ಶೌಚಾಲಯಕ್ಕೋ ಹಾಕದಿರುವುದು ನಮ್ಮಿಂದಲೇ ಆಗುವ ಕೆಲಸ.

6. ಘಟಕದ ವರದಿ ಓದಲು ಕಲಿಯಿರಿ

ಇಲ್ಲಿ ಒಂದು ಶಬ್ದ ಅರ್ಥವಾದರೆ ಸಾಕು: ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಾಣುಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ ಅದು. ಬಿಒಡಿ ಹೆಚ್ಚಿದ್ದರೆ ಅಷ್ಟು ಆಮ್ಲಜನಕವನ್ನು ಆ ನೀರು ಹೊಳೆಯಿಂದ ಕಿತ್ತುಕೊಳ್ಳುತ್ತದೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಸಂಸ್ಕರಿಸದ ಕೊಳಚೆಯ ಬಿಒಡಿ ಲೀಟರಿಗೆ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ. ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆ ಘಟಕದಿಂದ ಹೊರಬರುವ ನೀರಿಗೆ ಮಹಾನಗರಗಳಲ್ಲಾದರೆ 20, ಇತರ ಊರುಗಳಲ್ಲಾದರೆ 30ರ ಮಿತಿ ಇಟ್ಟಿತು. ಚಿಕ್ಕ ಊರಿಗೆ ಸಡಿಲ ಮಿತಿ ಏಕೆ ಎಂದು ಪ್ರಶ್ನಿಸಿದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ 10ರ ಮಿತಿಯತ್ತ ಬಿಗಿಗೊಳಿಸಿತು. ನಿಮ್ಮ ಘಟಕಕ್ಕೆ ಅನ್ವಯಿಸುವ ಮಿತಿ ಯಾವುದು ಎಂಬುದು ಮಾಲಿನ್ಯ ನಿಯಂತ್ರಣ ಮಂಡಳಿ ಅದಕ್ಕೆ ಕೊಟ್ಟ ಸಮ್ಮತಿ ಪತ್ರದಲ್ಲಿರುತ್ತದೆ. ಅದರ ಪ್ರತಿ ತೆಗೆದುಕೊಳ್ಳಿ.

ಈಗ ಹೊಳೆಯ ಕಡೆ ತಿರುಗಿ. ಸ್ನಾನಕ್ಕೆ ಯೋಗ್ಯವಾದ ನದಿ ನೀರಿನ ಬಿಒಡಿ 3 ದಾಟಬಾರದು. ಮಳೆಗಾಲದ ತುಂಬು ಹೊಳೆಗೆ 10ರ ನೀರು ಸೇರಿದರೆ ಕರಗಿಹೋಗುತ್ತದೆ. ಏಪ್ರಿಲ್‌ನಲ್ಲಿ ಹೊಳೆ ಮಡುಗಳಾಗಿ ಒಡೆದಾಗ ಘಟಕದ ನೀರೇ ಹೊಳೆ. ನಿಯಮ ಪಾಲಿಸಿಯೂ ಹೊಳೆ ನಾರಬಹುದು ಎಂಬ ಈ ಸಂಗತಿಯನ್ನು ವರದಿಗಳು ಹೇಳುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಾದರೂ ಸಂಸ್ಕರಿಸಿದ ನೀರನ್ನು ಹೊಳೆಗೆ ಬಿಡದೆ ಉದ್ಯಾನ, ನೆಡುತೋಪು, ಕಟ್ಟಡ ಕಾಮಗಾರಿಗೆ ಕೊಡುವ ಯೋಜನೆ ಕೇಳಿ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದು ಎರಡನೆಯ ಹಂತದ ಶುದ್ಧೀಕರಣ ಮಾತ್ರ. ಸಾರಜನಕ, ರಂಜಕಗಳನ್ನೂ ತೆಗೆಯುವ ಮೂರನೆಯ ಹಂತ ಬೇಕು ಎಂಬುದು ಅಲ್ಲಿನ ರೈತ ಹೋರಾಟಗಾರರ ಬೇಡಿಕೆ. ನೀವೂ ಆ ಎರಡು ಅಂಶಗಳನ್ನು ವರದಿಯಲ್ಲಿ ಹುಡುಕಿ. ಹೊಳೆ, ಕೆರೆಗಳ ಮೇಲೆ ಅಂತರಗಂಗೆ ಹಬ್ಬುವುದು ಅವುಗಳಿಂದಲೇ.

ಕಣ್ಣಿಗೆ ತಿಳಿಯಾಗಿ ಕಂಡಿತೆಂದು ನೀರು ಶುದ್ಧವಲ್ಲ. ಮಲದ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ. ಘಟಕಕ್ಕೆ ಭೇಟಿ ಕೊಟ್ಟಾಗ ಗಾಳಿ ಹಾಯಿಸುವ ತೊಟ್ಟಿಯನ್ನು ನೋಡಿ: ಕಂದು ಬಣ್ಣ, ಮಣ್ಣಿನ ವಾಸನೆ ಇದ್ದರೆ ಆರೋಗ್ಯವಾಗಿದೆ, ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಬರುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಇನ್ನೊಂದು ಗುಟ್ಟು, ಘಟಕದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ ಕೇಳಿ. ನೀವು ಹೋದ ದಿನ ಗಾಳಿ ಊದುವ ಬ್ಲೋವರ್ ಯಂತ್ರ ತಿರುಗುತ್ತಲೇ ಇರುತ್ತದೆ, ಉಳಿದ ದಿನಗಳ ಕಥೆಯನ್ನು ಬಿಲ್ ಹೇಳುತ್ತದೆ. ವಿದ್ಯುತ್ ಬೇಡದ ಕೊಳದ ಮಾದರಿಯ ಘಟಕವಾದರೆ, ಕೊಳದ ಕೆಸರನ್ನು ಕೊನೆಯ ಬಾರಿ ತೆಗೆದದ್ದು ಯಾವಾಗ ಎಂದು ಕೇಳಿ.

7. ಈಗ ಕಾಗದ

ಮೊದಲ ಪತ್ರ ಪುರಸಭೆಯ ಮುಖ್ಯಾಧಿಕಾರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ. ‘ಹೊಳೆ ಉಳಿಸಿ’ ಎಂದು ಬರೆಯಬೇಡಿ. ‘ಇಂಥ ವಾರ್ಡಿನ ಪಂಪ್‌ಹೌಸ್‌ನ ಎರಡನೆಯ ಪಂಪ್ ಕೆಟ್ಟಿದೆ, ಇಂಥ ದಿನಾಂಕಗಳಂದು ಕೊಳಚೆ ಹಳ್ಳಕ್ಕೆ ಹರಿದ ಫೋಟೊ ಲಗತ್ತಿಸಿದೆ’ ಎಂದು ಬರೆಯಿರಿ. ಅಂಥ ಪತ್ರಕ್ಕೆ ಉತ್ತರ ಕೊಡದೆ ಇರುವುದು ಕಷ್ಟ. ಒಳಚರಂಡಿಯನ್ನು ಕಟ್ಟುವುದು ಸಾಮಾನ್ಯವಾಗಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ನಡೆಸುವುದು ಸ್ಥಳೀಯ ಸಂಸ್ಥೆ. ಹಸ್ತಾಂತರ ಆಗಿಲ್ಲ ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದು ಮಾಮೂಲು, ಆದ್ದರಿಂದ ಪತ್ರದ ಪ್ರತಿ ಇಬ್ಬರಿಗೂ ಹೋಗಲಿ.

ಅಂಕಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಇಲ್ಲಿಯೇ ಬಹುತೇಕ ಅರ್ಜಿಗಳು ಎಡವುತ್ತವೆ: ಪ್ರಯೋಗಾಲಯದ ವರದಿ, ಟೆಂಡರ್, ವಿದ್ಯುತ್ ಬಿಲ್ ಎಲ್ಲವನ್ನೂ ಒಂದರಲ್ಲೇ ತುಂಬಿ ತಿರಸ್ಕಾರಕ್ಕೆ ನೆಪ ಕೊಡುತ್ತಾರೆ. ಮೂರು ವಿಷಯಕ್ಕೆ ಮೂರು ಅರ್ಜಿ, ಮೂರು ಪೋಸ್ಟಲ್ ಆರ್ಡರ್. ‘ಏಕೆ’ ಎಂದು ಕೇಳಬೇಡಿ, ‘ದಾಖಲೆಯ ಪ್ರತಿ ಕೊಡಿ’ ಎಂದು ಕೇಳಿ.

ಮುಂದಿನ ಬಾಗಿಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ಕಲುಷಿತ ವಸ್ತುವನ್ನು ಹೊಳೆಗೆ ಬಿಡುವುದನ್ನು 1974ರ ಜಲ ಕಾಯ್ದೆಯ 24ನೆಯ ಕಲಂ ನಿಷೇಧಿಸುತ್ತದೆ, ಪುರಸಭೆಗೆ ಇದರಿಂದ ವಿನಾಯಿತಿ ಇಲ್ಲ. ಬಾಟಲಿಯಲ್ಲಿ ನೀರು ತುಂಬಿಸಿ ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದ ವರದಿ ನಿಮ್ಮ ತಿಳಿವಳಿಕೆಗೆ ಸಹಾಯಕ. ಆದರೆ ಕಾನೂನಿನ ಕ್ರಮಕ್ಕೆ ಆಧಾರವಾಗುವುದು ಮಂಡಳಿಯ ಅಧಿಕಾರಿ 21ನೆಯ ಕಲಮಿನ ವಿಧಾನದಂತೆ ತೆಗೆದ ಮಾದರಿ. ಆದ್ದರಿಂದ ಪತ್ರದಲ್ಲಿ ‘ಮಾದರಿ ಸಂಗ್ರಹಿಸಿ ವರದಿಯ ಪ್ರತಿ ಕೊಡಬೇಕು’ ಎಂದು ಸ್ಪಷ್ಟವಾಗಿ ಕೇಳಿ, ಎಲ್ಲಿಂದ ತೆಗೆಯಬೇಕೆಂದು ನಿಮ್ಮ ಫೋಟೊಗಳ ಆಧಾರದಲ್ಲಿ ಸೂಚಿಸಿ. ಘಟಕದ ಹೊರಬಾಯಿಯಿಂದ ಮಾತ್ರ ತೆಗೆದರೆ, ಘಟಕಕ್ಕೆ ಬಾರದೆ ತಪ್ಪಿಸಿಕೊಂಡ ಕೊಳಚೆ ಲೆಕ್ಕಕ್ಕೇ ಸಿಗುವುದಿಲ್ಲ.

ಊರಿನ ಕೊಳಚೆಗೆ ಕೈಗಾರಿಕೆಯ ನೀರೂ ಬೆರೆತಿದ್ದರೆ ದಾರಿ ಉದ್ದವಾಗುತ್ತದೆ. ದೊಡ್ಡಬಳ್ಳಾಪುರದ ಕಡೆಯಿಂದ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಸೇರುವ ಕಲುಷಿತ ನೀರಿನ ವಿರುದ್ಧ ಅಲ್ಲಿನ ಗ್ರಾಮಸ್ಥರು ವರ್ಷಗಟ್ಟಲೆ ಹೋರಾಡಬೇಕಾಯಿತು. ಅಂಥ ಕಡೆ ನಗರಸಭೆ ಮತ್ತು ಕೈಗಾರಿಕಾ ಪ್ರದೇಶ, ಎರಡರ ಮೇಲೂ ಪ್ರತ್ಯೇಕ ದೂರು ಕೊಡಿ.

ಕೊನೆಯದು ಹಸಿರು ನ್ಯಾಯಮಂಡಳಿ. ಕರ್ನಾಟಕದ ಪ್ರಕರಣಗಳು ಚೆನ್ನೈನ ದಕ್ಷಿಣ ಪೀಠಕ್ಕೆ ಹೋಗುತ್ತವೆ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ ಸಾವಿರ ರೂಪಾಯಿ, ವಕೀಲರಿಲ್ಲದೆ ನೀವೇ ವಾದಿಸಲೂಬಹುದು. ವ್ಯಾಜ್ಯದ ಕಾರಣ ಮೊದಲು ಉಂಟಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮವಿದೆ. ಸಕಾರಣವಿದ್ದರೆ ಇನ್ನೂ 60 ದಿನ ಸಿಗುತ್ತದೆ. ಪುರಸಭೆಯ ‘ಪರಿಶೀಲಿಸಲಾಗುವುದು’ ಎಂಬ ಉತ್ತರವನ್ನು ನಂಬಿ ಕುಳಿತವರು ಕಾಲಮಿತಿ ಕಳೆದುಕೊಳ್ಳುವುದು ಇಲ್ಲೇ. ಪ್ರತಿ ಪತ್ರದ ಪ್ರತಿಯ ಮೇಲೂ ಕಚೇರಿಯ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ, ಅಂಚೆಯಲ್ಲಿ ಕಳಿಸಿದ್ದರೆ ರಸೀದಿಯನ್ನು ಅದೇ ಪತ್ರಕ್ಕೆ ಪಿನ್ ಮಾಡಿಡಿ.